ಆಡು ಸಾಕೋ ಆಸೆನಾ? ಮೊದಲು ಹೋತಮರಿ ಬಗ್ಗೆ ಯೋಚಿಸಿ

ರಾತ್ರಿ ಹನ್ನೊಂದು ಗಂಟೆ. ಆಫೀಸ್ ಕಾಲ್ ಮುಗಿಸಿ ಫೋನ್ ಹಿಡಿದಿದ್ದೆ. ರೀಲ್‌ನಲ್ಲಿ ಒಂದು ಪಿಗ್ಮಿ ಆಡು, ಗುಂಡಗೆ, ಮೊಣಕಾಲೆತ್ತರ. ಮಕ್ಕಳ ಜಾರುಬಂಡಿ ಹತ್ತಿ ಜಾರ್ತಾ ಇತ್ತು. ಹತ್ತು ಸಲ ನೋಡಿ ರಾಯಬಾಗ ತಾಲೂಕಿನ ನಮ್ಮೂರಲ್ಲಿರೋ ಅವ್ವನಿಗೆ ವಾಟ್ಸಾಪ್ ಮಾಡಿದೆ. ಬೆಳಿಗ್ಗೆ ವಾಯ್ಸ್ ಮೆಸೇಜ್ ಬಂತು: "ಇಂಥಾವು ನಮ್ಮ ಓಣ್ಯಾಗ ಇಪ್ಪತ್ತ ಅದಾವಲ್ಲೋ ತಮ್ಮಾ. ಇದನ್ನೇನ್ ನೋಡ್ತಿ?"

ಅಪ್ಪ ಹೋದ ಮೇಲೆ ಮನೆಯಲ್ಲಿ ಅವ್ವ ಒಬ್ಬಳೇ. ನನಗೆ ಆಗ ಪೂರ್ತಿ ವರ್ಕ್ ಫ್ರಮ್ ಹೋಮ್. ಮನೆ ಹಿಂದೆ ನಾಲ್ಕು ಗುಂಟೆ ಹಿತ್ತಲಿದೆ. ಊರಿಗೆ ಬಂದು ಎರಡು ಪಿಗ್ಮಿ ಆಡು ಸಾಕೋಣ, ಅವ್ವನಿಗೂ ಜೊತೆಯಾಗುತ್ತೆ ಅಂತ ನನ್ನ ಪ್ಲಾನ್. ಆಮೇಲೆ ಏನಾಯ್ತು ಅಂತ ಹೇಳ್ತೀನಿ. ನಿಮಗೂ ಇಂಥ ಆಸೆ ಇದ್ರೆ ಉಪಯೋಗಕ್ಕೆ ಬರಬಹುದು.

ಪಿಗ್ಮಿ ನಮ್ಮಲ್ಲಿ ಸಿಗುತ್ತಾ?

ಪಿಗ್ಮಿ ಆಡಿನ ಮೂಲ ಪಶ್ಚಿಮ ಆಫ್ರಿಕಾದ ಕ್ಯಾಮರೂನ್ ಕಡೆ. ಅಲ್ಲಿಂದ ಯುರೋಪಿನ ಝೂಗಳಿಗೆ ಹೋಗಿ, 1950ರ ದಶಕದ ಕೊನೆಗೆ ಅಮೆರಿಕ ಸೇರಿ, ಅಲ್ಲಿ ಮುದ್ದಿನ ಪ್ರಾಣಿ ಆಯ್ತು. ನಮ್ಮ ದೇಶಕ್ಕೆ ಹೊರಗಿನ ಜಾನುವಾರು ತರೋದು ಸುಲಭ ಅಲ್ಲ, ಅದಕ್ಕೆ 1898ರಿಂದಲೇ ಕಾನೂನಿದೆ. ಆದರೂ ಆನ್‌ಲೈನ್‌ನಲ್ಲಿ ಒಬ್ಬರು ನನಗೆ "ಒರಿಜಿನಲ್ ಪಿಗ್ಮಿ" ಅಂತ ಫೋಟೋ ಕಳಿಸಿದ್ರು. ಪಕ್ಕದ ಮನೆ ಕಾಕುಗೆ ತೋರಿಸಿದೆ. "ಇದ ಎರಡ ತಿಂಗಳ ಮರಿ ಐತಿ. ಬೆಳದ ಮ್ಯಾಲೆ ನಮ್ಮ ಆಡಿನಷ್ಟ ಆಕ್ಕೈತಿ," ಅಂದಳು. ಅಡ್ವಾನ್ಸ್ ಉಳೀತು.

ಚಿಕ್ಕ ಗಾತ್ರದ್ದೇ ಬೇಕು ಅಂದ್ರೆ ನಮ್ಮ ದೇಶದ್ದೇ ಬ್ಲ್ಯಾಕ್ ಬೆಂಗಾಲ್ ಇದೆ. ಬೆಳೆದ ಹೆಣ್ಣಾಡು ಸುಮಾರು 20 ಕೆಜಿ ತೂಗುತ್ತೆ, ಅಂದ್ರೆ ಎಷ್ಟೋ ಪಿಗ್ಮಿಗಿಂತ ಹಗುರ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಬಿಸಿಲಿಗೆ ಒಗ್ಗಿರೋದು ಊರಿನ ನಾಟಿ ಆಡು ಮತ್ತು ಗಡಿಯಾಚೆಯ ಉಸ್ಮಾನಾಬಾದಿ. ಉಸ್ಮಾನಾಬಾದಿ ಹೆಚ್ಚಾಗಿ ಕಪ್ಪು ಬಣ್ಣದ್ದು, ಅವಳಿ ಮರಿ ಹಾಕೋದು ಸಾಮಾನ್ಯ.

2024ರಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆ ಮುಗಿದ ಮೇಲೆ ಸಂತೆಗೆ ಹೋಗಿ, 18 ಸಾವಿರಕ್ಕೆ ಎರಡು ಹೆಣ್ಣಾಡು ತಂದ್ವಿ. ಕರಿ, ಚಂದ್ರಿ ಅಂತ ಹೆಸರಿಟ್ಟೆ. ಕರಿ ಆಗಲೇ ಎರಡು ತಿಂಗಳ ಗಬ್ಬ. ಒಂದೇ ತರೋಣ ಅಂದಿದ್ದೆ, ಅವ್ವ ಒಪ್ಪಲಿಲ್ಲ. ಅದು ಸರಿ ಕೂಡ. ಆಡು ಹಿಂಡಿನ ಪ್ರಾಣಿ. ಒಂಟಿಯಾಗಿ ಕಟ್ಟಿದ್ರೆ ದಿನವಿಡೀ ಒದರುತ್ತೆ, ಮೇವು ಬಿಡುತ್ತೆ. ತಂದ್ರೆ ಕನಿಷ್ಠ ಎರಡು ತನ್ನಿ.

ಜಾಗ, ಮೇವು, ಲಸಿಕೆ

ಬೆಳೆದ ಹೆಣ್ಣಾಡಿಗೆ ಮಲಗೋ ಜಾಗ ಹತ್ತು ಹನ್ನೆರಡು ಚದರ ಅಡಿ, ಹೋತಕ್ಕೆ ಅದರ ಎರಡರಷ್ಟು. ಓಡಾಡೋಕೆ ಬಯಲು ಬೇರೆ. ಬಿಸಿಲು ತಡೀತವೆ, ಆದ್ರೆ ಒದ್ದೆ ನೆಲ ತಡಿಯಲ್ಲ, ಗೊರಸು ಕೊಳೆಯುತ್ತೆ. 2019ರಲ್ಲಿ ಕೃಷ್ಣಾ ನದಿ ನಮ್ಮ ಕಡೆ ಎಷ್ಟು ಊರೊಳಗೆ ನುಗ್ಗಿತು ಅಂತ ಮರೆತಿಲ್ಲವಲ್ಲ? ಹೊಳೆ ದಂಡೆಯವರು ಶೆಡ್ಡನ್ನ ಎತ್ತರದಲ್ಲೇ ಹಾಕಿ.

ಒಂದು ಆಡಿಗೆ ದಿನಕ್ಕೆ ಮೂರು ನಾಲ್ಕು ಕೆಜಿ ಹಸಿಮೇವು ಬೇಕು, ಜೊತೆಗೆ ಸ್ವಲ್ಪ ತೊಗರಿ ಹೊಟ್ಟು ಅಥವಾ ಕಣಕಿ. ಕಬ್ಬಿನ ನಾಡಿನಲ್ಲಿ ಸೋಗೆ ಸಲೀಸಾಗಿ ಸಿಗುತ್ತೆ ಅಂತ ಬರೀ ಅದನ್ನೇ ಹಾಕಬೇಡಿ. ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಮಾಡುತ್ತೆ. ಬೇವು, ಜಾಲಿ, ನುಗ್ಗೆ ಸೊಪ್ಪು ಬೆರೆಸಿ. ಸುಬಾಬುಲ್ ಒಳ್ಳೇದೇ, ಆದರೆ ಮೇವಿನಲ್ಲಿ ಮೂರನೇ ಒಂದು ಭಾಗ ಮೀರಬಾರದು. ಅಥಣಿ, ಕಾಗವಾಡ ಕಡೆಯ ಜೋಳದ ಹೊಲದವರಿಗೆ ಗೊತ್ತೇ ಇರುತ್ತೆ, ಎಳೆ ಜೋಳದ ಪೈರಿನಲ್ಲಿ ಸೈನೈಡ್ ವಿಷ ಇರುತ್ತೆ. 'ಆಡು ಮುಟ್ಟದ ಸೊಪ್ಪಿಲ್ಲ' ಅನ್ನೋ ಗಾದೆ ನಂಬಿ ಸಿಕ್ಕಿದ್ದೆಲ್ಲ ಹಾಕೋಕಾಗಲ್ಲ.

ಲಸಿಕೆ ತಪ್ಪಿಸಬೇಡಿ. ಆಡಿನ ಪ್ಲೇಗ್ ಅಂತಾನೇ ಕರೆಯೋ ಪಿಪಿಆರ್ ರೋಗಕ್ಕೆ ಒಂದು ಲಸಿಕೆ ಸುಮಾರು ಮೂರು ವರ್ಷ ಕಾಯುತ್ತೆ. ಕರುಳುಬೇನೆಯ ಇಟಿ ಲಸಿಕೆ ಪ್ರತಿ ವರ್ಷ, ಮಳೆಗಾಲಕ್ಕೆ ಮೊದಲು.

ನಾನು ಮಾಡಿದ ತಪ್ಪು

ಏಪ್ರಿಲ್‌ನಲ್ಲಿ ಒಂದು ದಿನ ಅವ್ವ ಮದುವೆಗೆ ಹೋಗಿದ್ದಳು. ಗಬ್ಬದ ಆಡಿಗೆ ಶಕ್ತಿ ಬರಲಿ ಅಂತ ನಾನೇ ಒಂದು ಬುಟ್ಟಿ ಜೋಳದ ಹಿಟ್ಟು ಇಟ್ಟೆ. ಕರಿ ಚಂದ್ರಿಯನ್ನ ಗುದ್ದಿ ಓಡಿಸಿ ಪೂರ್ತಿ ತಿಂದಿತು. ಪ್ರೀತಿಯಿಂದ ವಿಡಿಯೋ ಬೇರೆ ಮಾಡಿದೆ.

ರಾತ್ರಿ ಹೊತ್ತಿಗೆ ಮೆಲುಕು ನಿಂತಿತ್ತು. ಎಡಗಡೆ ಹೊಟ್ಟೆ ಉಬ್ಬಿ, ಹಲ್ಲು ಕಡೀತಾ ಮಲಗಿಬಿಟ್ಟಿತ್ತು. ಬೆಳಿಗ್ಗೆ ಪಶು ಆಸ್ಪತ್ರೆ ಡಾಕ್ಟರ್ ಬಂದು ಸೋಡಾ ದ್ರಾವಣ ಕುಡಿಸಿ, ಇಂಜೆಕ್ಷನ್ ಕೊಟ್ಟರು. ಆಡಿನ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಸೊಪ್ಪು, ನಾರು ಕರಗಿಸೋಕೆ ಹೊಂದಿಕೊಂಡಿರ್ತಾವೆ. ಒಮ್ಮೆಲೇ ಹಿಟ್ಟು ಬಿದ್ದರೆ ಅದು ಹುಳಿಯಾಗಿ ಆಸಿಡ್ ಆಗುತ್ತೆ, ಜೀವಾನೇ ಹೋಗಬಹುದು ಅಂದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಟೆಸ್ಟ್ ಮಾಡದೆ ನೇರ ಪ್ರೊಡಕ್ಷನ್‌ಗೆ ಬಿಟ್ಟಿದ್ದೆ. ಹೊಸ ಮೇವನ್ನ ಎಂಟು ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗಬೇಕು. ಡಾಕ್ಟರ್ ಹತ್ತಿರ ಇಲ್ಲ ಅಂದ್ರೆ ಪಶು ಸಂಜೀವಿನಿಯ 1962 ನಂಬರ್ ಫೋನ್‌ನಲ್ಲಿ ಇಟ್ಟುಕೊಳ್ಳಿ.

ಕರಿ ಎರಡು ದಿನ ಏನೂ ತಿನ್ನಲಿಲ್ಲ. ಅವ್ವ ನನ್ನನ್ನ ಬಯ್ಯಲಿಲ್ಲ, ರಾತ್ರಿ ಅದರ ಹತ್ತಿರ ಚಾಪೆ ಹಾಕಿ ಮಲಗಿದಳು. ಬೈದಿದ್ರೇ ಚೆನ್ನಾಗಿತ್ತು. ಮೂರನೇ ದಿನ ಮತ್ತೆ ಮೆಲುಕು ಹಾಕಿತು.

ಪಾಲಿಗೆ ಕೊಟ್ಟಿದ್ದು

ಜೂನ್ ಮೊದಲ ವಾರ ಕರಿ ಎರಡು ಮರಿ ಹಾಕಿತು, ಒಂದು ಹೆಣ್ಣು, ಒಂದು ಹೋತ. ಹುಟ್ಟಿದ ಒಂದು ಗಂಟೆಯೊಳಗೆ ಮರಿಗೆ ಗಿಣ್ಣದ ಹಾಲು ಕುಡಿಸಲೇಬೇಕು. ಹೋತಮರಿ ನನ್ನ ಚಾರ್ಜರ್ ವೈರ್, ಹೆಡ್‌ಫೋನ್, ಎಲ್ಲದಕ್ಕೂ ಬಾಯಿ ಹಾಕ್ತಿತ್ತು. ಅದಕ್ಕೆ 'ಬಗ್' ಅಂತ ಹೆಸರಿಟ್ಟೆ. ಕಾಕು ನೋಡಿ ಹೇಳಿದಳು: "ಹೋತಮರಿಗಿ ಹೆಸರ ಇಡಬಾರದಪ್ಪಾ." ನಾನು ನಕ್ಕೆ.

ಆಗಸ್ಟ್‌ನಲ್ಲಿ ಕಂಪನಿಯಿಂದ ಮೇಲ್ ಬಂತು, ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕು. ಅವ್ವನಿಗೆ ಮೊಣಕಾಲು ನೋವು, ನಾಲ್ಕು ಪ್ರಾಣಿಗೆ ದಿನಾ ಸೊಪ್ಪು ತರೋಕಾಗಲ್ಲ. "ನೀ ಬೆಂಗಳೂರಿಗಿ ಹ್ವಾದ್ರ ಇವನ್ನ ನೋಡ್ಕೊಳ್ಳಾವ್ರ ಯಾರು?" ಅಂತ ಅವ್ವ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಡು ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ನಾನು ಆರು ತಿಂಗಳೂ ಮುಂದೆ ನೋಡಿರಲಿಲ್ಲ.

ದಾರಿ ತೋರಿಸಿದ್ದು ಕಾಕು. ಅವಳು ಆಗಲೇ ಐದು ಆಡು ಮೇಯಿಸ್ತಿದ್ದಳು. "ನಂಗ ಪಾಲಿಗಿ ಕೊಡ್ರಿ," ಅಂದಳು. ಹಳ್ಳಿಯಲ್ಲಿ ಬೆಳೆದವರಿಗೆ ಇದು ಗೊತ್ತು. ಆಡು ನಮ್ಮದು, ಮೇವು ಮತ್ತು ದುಡಿಮೆ ಅವರದು, ಹುಟ್ಟೋ ಮರಿಗಳಲ್ಲಿ ಅರ್ಧರ್ಧ. ಪತ್ರ ಇಲ್ಲ, ಸಹಿ ಇಲ್ಲ. ಬೇರೆ ದೇಶಗಳಲ್ಲಿ ಸಾಕೋಕಾಗದ ಆಡನ್ನ ಇನ್ನೊಬ್ಬರಿಗೆ ದತ್ತು ಕೊಡ್ತಾರೆ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಇದೇ. ಆದರೆ ಒಂದು ವ್ಯತ್ಯಾಸ ಇದೆ, ಇಲ್ಲಿ ತಗೊಂಡವರಿಗೆ ಆಡು ಅಂದ್ರೆ ಹೊಟ್ಟೆಪಾಡು. ನನ್ನ ನಾಲ್ಕನ್ನೂ ಅವಳೇ ಒಯ್ದಳು. ಆಗಲೇ ಹುಟ್ಟಿದ್ದ ಎರಡು ಮರಿಗೂ ಅದೇ ಲೆಕ್ಕ.

ಬಗ್

ಹೆಣ್ಣುಮರಿ ಹಿಂಡು ಬೆಳೆಸುತ್ತೆ, ಉಳಿಯುತ್ತೆ. ಹೋತ ಹಾಗಲ್ಲ. ಇಡೀ ಹಿಂಡಿಗೆ ಒಂದು ಹೋತ ಸಾಕು, ಉಳಿದವು ಸಂತೆಗೆ ಹೋಗ್ತಾವೆ. ಬಕ್ರೀದ್ ಹತ್ತಿರ ಬಂದಾಗ ಬೆಲೆ ಏರುತ್ತೆ. 2025ರ ಮೇನಲ್ಲಿ ಕಾಕು ಫೋನ್ ಮಾಡಿದಳು. "ಹದಿನಾಲ್ಕ ಸಾವಿರಕ್ಕ ಕೇಳಾಕತ್ತಾರ. ಹುಡುಗಿ ಕಾಲೇಜ್ ಫೀ ಕಟ್ಟೂದೈತಿ. ಏನ್ ಮಾಡ್ಲಿ?"

ಬೀಜ ಒಡೆಸಿ, ಸುಮ್ಮನೆ ಸಾಕಿಕೊಳ್ಳಬಹುದಿತ್ತು. ನನ್ನ ಪಾಲು ಬಿಟ್ಟುಕೊಟ್ಟು, ಅವಳ ಪಾಲಿನ ಏಳು ಸಾವಿರ ನಾನೇ ಕೊಡ್ತೀನಿ ಅಂತಲೂ ಹೇಳಿ ನೋಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಈ ವರ್ಷ ಕೊಡ್ತಿ. ಅದಕ್ಕ ದಿನಾ ಮೇವು ಹಾಕಾವ್ರ ಯಾರು? ಮುಂದಿನ ವರ್ಷ ಹುಟ್ಟೂ ಹೋತಕ್ಕ ಏನ್ ಮಾಡ್ತಿ?"

ಮಾರು ಅಂದೆ. ನನ್ನ ಪಾಲಿನ ದುಡ್ಡನ್ನೂ ಫೀಗೇ ಇಟ್ಟುಕೋ ಅಂದೆ. ಅರ್ಧ ಮಾತ್ರ ಒಪ್ಪಿದಳು, ಉಳಿದದ್ದನ್ನ ಅವ್ವನ ಕೈಗೆ ಎಣಿಸಿ ಕೊಟ್ಟಳು. ಫೋನ್‌ನಲ್ಲಿ ಬಗ್‌ನ ವಿಡಿಯೋಗಳು ಇನ್ನೂ ಇವೆ. ಡಿಲೀಟ್ ಮಾಡಿಲ್ಲ, ತೆಗೆದೂ ನೋಡಿಲ್ಲ.

ಹಾಗಾಗಿ ರೀಲ್ ನೋಡಿ ಆಸೆ ಬಂದಿದ್ರೆ, ಮೊದಲು ಮನೆಯಲ್ಲಿ ಕೂತು ಮೂರು ಪ್ರಶ್ನೆಗೆ ಉತ್ತರ ಹುಡುಕಿ. ನೀವಿಲ್ಲದ ದಿನ ಮೇವು ಹಾಕೋರು ಯಾರು? ಡಾಕ್ಟರ್ ಎಷ್ಟು ದೂರ? ಹೋತಮರಿ ಹುಟ್ಟಿದ್ರೆ ಏನು? ಮೂರನೆಯದಕ್ಕೆ ಉತ್ತರ ಇಲ್ಲ ಅಂದ್ರೆ ಎರಡು ಹೆಣ್ಣಾಡು ಮಾತ್ರ ಸಾಕಿ, ಗಬ್ಬ ಕಟ್ಟಿಸಬೇಡಿ. ಇಲ್ಲವೇ ನಿಮ್ಮ ಓಣಿಯ ಕಾಕುಗೆ ಒಂದು ಆಡು ಕೊಡಿಸಿ, ರಜೆಗೆ ಹೋದಾಗ ಸೊಪ್ಪು ಹಾಕಿ ಬನ್ನಿ. ಆ ಖುಷಿಯೂ ಕಡಿಮೆಯದಲ್ಲ.

ಕಳೆದ ವಾರ ಅವ್ವನ ವಾಯ್ಸ್ ಮೆಸೇಜ್ ಬಂತು. ಚಂದ್ರಿ ಎರಡು ಮರಿ ಹಾಕಿದೆಯಂತೆ. "ಎರಡೂ ಹೆಣ್ಣ ಅದಾವ ತಮ್ಮಾ. ಹೆಸರ ಇಡ."