ಕುಣಿಮಗ್ಗದ ಮನೆಯಲ್ಲಿ ನೂರಿಪ್ಪತ್ತು ಗಂಟೆ

ಕಾಂಚಿಯನ್ನು ಮೂರು ಬಾರಿ ಜಯಿಸಿದ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯನ್ನು, ಇಂದು ವಿರೂಪಾಕ್ಷನದೆಂದು ಹೆಸರಾದುದನ್ನು, ನೋಡಿ ಬೆರಗಾಗುವ ಯಾತ್ರಿಕರಲ್ಲಿ, ಅದನ್ನು ನಿರ್ಮಿಸಿದ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿಯೆಂಬ ಬಿರುದು ದೊರೆತ ಸಂಗತಿಯನ್ನು ಹೇಳುವ ಶಾಸನದ ಮುಂದೆ ನಿಲ್ಲುವವರು ವಿರಳ. ಸಮೀಪದ ಪಾಪನಾಥ ದೇವಾಲಯದ ಗೋಡೆಯಲ್ಲಿ ರೇವಡಿ ಓವಜ್ಜನೆಂಬ ಶಿಲ್ಪಿಯ ಹೆಸರಿದೆ. ಅದರ ಜೊತೆಯಲ್ಲಿಯೇ ಆತನು ಸರ್ವಸಿದ್ಧಿ ಆಚಾರಿಯ ಪರಂಪರೆಗೆ ಸೇರಿದವನೆಂಬ ಮಾತೂ ಇದೆ. ತಾನು ಯಾರ ಕಡೆಯವನೆಂಬುದನ್ನು ಹೇಳಿದ ಹೊರತು ಕುಶಲಿಯ ಪರಿಚಯ ಪೂರ್ಣವಾಗದಿದ್ದ ಕಾಲವದು.

ಮುಂದೆ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರ, ಶಿಲ್ಪವಿದ್ಯೆ ಕಲಿಯಲು ಬಂದ ಶಿಷ್ಯನ ವಿಷಯದಲ್ಲಿ ಯಾಜ್ಞವಲ್ಕ್ಯನ ವಿಧಿಯನ್ನು ವಿವರಿಸುತ್ತಾನೆ: ಒಪ್ಪಿಕೊಂಡ ಅವಧಿಯವರೆಗೆ ಶಿಷ್ಯನು ಗುರುಗೃಹದಲ್ಲಿಯೇ ವಾಸಿಸತಕ್ಕದ್ದು, ಅನ್ನ ಗುರುವಿನದು, ವಿದ್ಯೆ ಮೊದಲೇ ಕೈವಶವಾದರೂ ಅವಧಿ ತೀರುವ ತನಕ ಹೊರಡಕೂಡದು, ಅಷ್ಟರಲ್ಲಿ ಅವನ ಕೈಕೆಲಸದಿಂದ ಬಂದ ಫಲವೂ ಗುರುವಿಗೇ ಸಲ್ಲತಕ್ಕದ್ದು. ಇಂದಿನ ಕಿವಿಗೆ ಇದು ಕಠಿಣವಾಗಿ ಕೇಳಿಸೀತು. ಆದರೆ ಕಲಿಸುವುದೂ ಒಂದು ವೆಚ್ಚ, ಅದನ್ನು ಯಾರಾದರೂ ತುಂಬಿಕೊಡಬೇಕು ಎಂಬ ಲೌಕಿಕ ಸತ್ಯವನ್ನು ಅದು ಮರೆತಿಲ್ಲ.

ನಮ್ಮ ಕಾಲದ ವಿಧಿ ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2024ರ ಮಾರ್ಗಸೂಚಿ ಪದವಿ ವಿದ್ಯಾರ್ಥಿಗೆ 60ರಿಂದ 120 ಗಂಟೆಗಳ ಇಂಟರ್ನ್‌ಶಿಪ್ಪನ್ನು ವಿಧಿಸುತ್ತದೆ. ಫ್ಯಾಷನ್ ತಂತ್ರಜ್ಞಾನದ ರಾಷ್ಟ್ರೀಯ ಸಂಸ್ಥೆಯ ಪಠ್ಯದಲ್ಲಿಯೂ ಕುಶಲಕರ್ಮಿಗಳ ಊರಿಗೆ ಹೋಗಿ ಅಧ್ಯಯನ ಮಾಡುವ ಭಾಗವೊಂದಿದೆ. ಹೀಗೆ ಹೊರಟು ಬರುವವರಿಗೆ ಪಟ್ಟದಕಲ್ಲಿನ ಈ ಸೀಮೆಯಲ್ಲಿ ಒದಗತಕ್ಕ ಶಾಲೆಗಳೆಂದರೆ ಗುಳೇದಗುಡ್ಡದ ಖಣ ನೇಯುವ ಮನೆಗಳು, ಇಳಕಲ್ಲಿನ ಸೀರೆ ನೇಯುವ ಮನೆಗಳು. ಸುಸ್ಥಿರ ಉದ್ಯಮವೆಂಬ ಹೊಸ ಬಿರುದು ಇವುಗಳಿಗೆ ಸಲ್ಲುವುದರಲ್ಲಿ ಸಂದೇಹವಿಲ್ಲ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗಕ್ಕೆ ವಿದ್ಯುತ್ತು ಬೇಡ, ಒಡೆಯನಿಗೆ ಕಾರ್ಖಾನೆಯ ಕಟ್ಟಡವೂ ಬೇಡ.

ಬಂದ ವಿದ್ಯಾರ್ಥಿ ಇಲ್ಲಿ ಕಾಣುವುದೇನು? ಇಳಕಲ್ ಸೀರೆಯ ಒಡಲಿಗೊಂದು ಹಾಸು, ಸೆರಗಿಗೊಂದು ಹಾಸು. ಇವೆರಡರ ಎಳೆಗಳನ್ನು ಒಂದರ ಕುಣಿಕೆಯೊಳಗೆ ಇನ್ನೊಂದನ್ನು ಸಿಲುಕಿಸಿ ಬೆಸೆಯುವುದಕ್ಕೆ ಕೊಂಡಿ ಎನ್ನುತ್ತಾರೆ. ಕೆಂಪಿನ ಮೂರು ಪಟ್ಟಿಗಳ ನಡುವೆ ಬಿಳಿಯ ಎರಡು ಪಟ್ಟಿಗಳನ್ನು ತೋರುವ ತೋಪತೆನಿ ಸೆರಗು ಈ ಬೆಸುಗೆಯಿಂದಲೇ ಸಾಧ್ಯ. ಆದಕಾರಣ ಇಲ್ಲಿ ಹತ್ತಾರು ಸೀರೆಗಳಿಗೆ ಸಾಲುವಷ್ಟು ಹಾಸನ್ನು ಒಮ್ಮೆಗೇ ಏರಿಸಿಡುವಂತಿಲ್ಲ. ಆರು, ಎಂಟು, ಇಲ್ಲವೆ ಒಂಬತ್ತು ಗಜದ ಒಂದೊಂದು ಸೀರೆಗೂ ಹೊಸ ಹಾಸು, ಹೊಸ ಕೊಂಡಿ. ಒಂದು ಸೀರೆ ಇಳಿಯಲು ಹಲವು ದಿನಗಳು ಬೇಕು. ನಿತ್ಯ ಎಂಟು ಗಂಟೆಯಂತೆ ಲೆಕ್ಕವಿಟ್ಟರೆ 120 ಗಂಟೆಗಳೆಂದರೆ 15 ದಿನ. ಅಷ್ಟರೊಳಗೆ ಒಂದು ಮಗ್ಗದ ಮೇಲೆ ಕೊಂಡಿ ಹಾಕುವುದನ್ನು ವಿದ್ಯಾರ್ಥಿನಿ ನೋಡುವುದು ಎರಡು ಮೂರು ಸಲ ಮಾತ್ರ. ತಾನೇ ಹಾಕುವ ಯೋಗ ಒಮ್ಮೆಯೂ ಬಾರದಿರಬಹುದು, ಏಕೆಂದರೆ ಅಲ್ಲಿ ತಪ್ಪಿದ ಎಳೆಯ ದೋಷ ಸೆರಗಿನ ತುದಿಯವರೆಗೂ ಕಾಣುತ್ತದೆ.

ಹಾಗೆಂದು ಬಂದದ್ದು ವ್ಯರ್ಥವೆನ್ನಲಾರೆ. ಮನೆಯ ಹೆಂಗಸರೊಡನೆ ಕುಳಿತು ಕಂಡಿಕೆ ಸುತ್ತಿದವಳಿಗೆ, ನೇಯ್ದವನ ಹೆಸರಿನಲ್ಲಿ ಬರುವ ಮಜೂರಿಯೊಳಗೆ ಹೆಸರಿಲ್ಲದ ಎಷ್ಟು ದುಡಿಮೆ ಅಡಗಿದೆಯೆಂಬುದು ಯಾವ ಗ್ರಂಥವೂ ತಿಳಿಸದಷ್ಟು ಸ್ಪಷ್ಟವಾಗಿ ತಿಳಿಯುತ್ತದೆ. ಪ್ರತಿಯಾಗಿ ಅವಳು ಸೀರೆಗಳ ಚಿತ್ರ ತೆಗೆದು, ಬೆಲೆಯ ಪಟ್ಟಿ ಬರೆದು, ದೂರದ ಗಿರಾಕಿಗೆ ಮೊಬೈಲಿನಲ್ಲಿ ತೋರಿಸುವ ದಾರಿ ಮಾಡಿಕೊಟ್ಟರೆ, ನೂಲು ಕೊಟ್ಟು ಸೀರೆ ಒಯ್ಯುವ ಸಾಹುಕಾರನೊಬ್ಬನನ್ನೇ ನಂಬಿದ ಮನೆಗೆ ಅದು ಸಣ್ಣ ಉಪಕಾರವಲ್ಲ. ಆದರೆ ಮಜೂರಿ ಸೀರೆಯ ಲೆಕ್ಕದಲ್ಲಿ ಬರತಕ್ಕದ್ದು, ದಿನದ ಲೆಕ್ಕದಲ್ಲಲ್ಲ. “ಕಾಕಾ, ಇದು ಹ್ಯಾಂಗ?” ಎಂದು ಕೇಳಿದಾಗಲೆಲ್ಲ ಲಾಳಿ ನಿಲ್ಲುತ್ತದೆ, ನಿಂತ ಹೊತ್ತಿನ ನಷ್ಟ ಕಾಕಾನದು. ಕಾಲೇಜು ಅಂಕ ಕೊಡುತ್ತದೆ, ಪ್ರಮಾಣಪತ್ರ ಬೇಡುತ್ತದೆ. ಕಲಿಸಿದ ಮನೆಗೆ ಒಂದು ಸೀರೆಯ ಮಜೂರಿಯನ್ನಾದರೂ ಗೌರವಧನವಾಗಿ ಸಲ್ಲಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಅವಧಿಯ ವಿಷಯದಲ್ಲಿ ಬೇರೆ ಜಿಲ್ಲೆಯ ಮೇಲ್ಪಂಕ್ತಿಯನ್ನು ಹುಡುಕಬೇಕಾಗಿಲ್ಲ. 2008ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಂತಿಮ ವರ್ಷದವರಿಗೆ ಗ್ರಾಮೀಣ ಕಾರ್ಯಾನುಭವವು ಹದಿನೈದು ದಿನಗಳ ಶಾಸ್ತ್ರವಲ್ಲ. ಹಳ್ಳಿಯಲ್ಲಿ ರೈತರ ನಡುವೆಯೇ ತಂಗಿ ಬೆಳೆಯೊಂದಿಗೆ ಕಾಲ ಕಳೆಯಬೇಕಾದ ಪಾಠ. ಬೆಳೆಗೆ ಕಾಯಬೇಕೆಂದು ಒಪ್ಪಿದವರು ಮಗ್ಗಕ್ಕೂ ಕಾಯಬೇಕೆಂದು ಒಪ್ಪುವುದು ಕಷ್ಟವಾಗಲಾರದು.

ಇನ್ನು ಬರುವ ಋತು. ಬೇಸಿಗೆಯ ರಜೆಯೆಂದರೆ ಮದುವೆಗಳ ಕಾಲ. ಆಗ ಮಗ್ಗದವರಿಗೆ ಮಾತನಾಡಲೂ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಕುಣಿಗೆ ತಂಪೇರುತ್ತದೆ, ಗಂಜಿ ಹಾಕಿದ ಹಾಸು ಬೇಗ ಒಣಗದು. ಕಲಿಯಬೇಕೆನ್ನುವವರು ದೀಪಾವಳಿ ಕಳೆದ ಮೇಲೆ ಬರುವುದು ಮೇಲು. ಸೆಮಿಸ್ಟರ್ ಪರೀಕ್ಷೆಗಳು ಬರುವುದೂ ಹೆಚ್ಚುಕಡಿಮೆ ಆಗಲೇ.