815ರ ಒಲೆಗೆ ಮತ್ತೆ ಬೆಂಕಿ ಬೀಳಬಹುದೇ?

ಬೆಳ್ಮಣ್‌ನಿಂದ ಪಡುಬಿದ್ರಿಗೆ ಇಳಿಯುವ ದಾರಿಯಲ್ಲಿ ನಂದಿಕೂರು ಸಿಗುತ್ತದೆ. ಕೊಂಕಣ ರೈಲ್ವೆಯ ಹಳಿ ನಮಗೆ ಹತ್ತಿರವಾಗುವುದು ಅಲ್ಲೇ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದು ಉಡುಪಿ ತಲುಪಲು 1993 ಆಗಬೇಕಾಯಿತು. ಅದಾಗಿ ಎರಡೇ ವರ್ಷಕ್ಕೆ, 1995ರ ಡಿಸೆಂಬರಿನಲ್ಲಿ, ದೇಶದ ಬ್ರಾಡ್‌ಗೇಜ್ ಹಳಿಗಳ ಮೇಲೆ ಉಗಿ ಇಂಜಿನ್ನುಗಳ ದೈನಂದಿನ ಓಡಾಟ ಮುಗಿಯಿತು. ಹೀಗಾಗಿ ನಮ್ಮ ಹಳಿಗೆ ಬಂದದ್ದು ಡೀಸೆಲ್, ಈಗ ಓಡುತ್ತಿರುವುದು ಕರೆಂಟು. ಕಲ್ಲಿದ್ದಲನ್ನು ಮಾತ್ರ ನಾವು ನೋಡಿದ್ದೇವೆ, ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರಕ್ಕೆ ಬರುವ ಗೂಡ್ಸಿನಲ್ಲಿ ಸರಕಾಗಿ. ಅದೇ ಕಲ್ಲಿದ್ದಲು ಉರಿದು ರೈಲನ್ನು ಎಳೆಯುವುದನ್ನು ಬೆಳ್ಮಣ್, ನಂದಳಿಕೆ, ಮುಂಡ್ಕೂರಿನ ಮಕ್ಕಳು ಸಿನಿಮಾದಲ್ಲಿ ಬಿಟ್ಟರೆ ಕಂಡವರಲ್ಲ.

ಉಡುಪಿಯಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋದವರು ಕೆಂಪುಕೋಟೆ, ಕುತುಬ್ ಮಿನಾರ್ ಮುಗಿಸಿ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಸಂಗ್ರಹಾಲಯಕ್ಕೆ ಅರ್ಧ ದಿನ ಎತ್ತಿಡಲೇಬೇಕು. ರಾಯಭಾರ ಕಚೇರಿಗಳ ಶಾಂತಿಪಥದ ಬದಿಯಲ್ಲಿ ಹತ್ತೆಕರೆಗೂ ಹೆಚ್ಚಿನ ಜಾಗ. 1971ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದವರು ರಾಷ್ಟ್ರಪತಿ ವಿ.ವಿ. ಗಿರಿ. ಅದಕ್ಕೂ ಮೊದಲು ಅವರು ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು. ಬಾಗಿಲು ತೆರೆದದ್ದು 1977ರ ಫೆಬ್ರವರಿ 1ರಂದು. ನಮ್ಮ ಮೈಸೂರಿನ ರೈಲು ಸಂಗ್ರಹಾಲಯ ಹುಟ್ಟಿದ್ದು ಇದಾದ ಎರಡು ವರ್ಷಕ್ಕೆ.

ಕನ್ನಡಿಗರು ಮೊದಲು ಹುಡುಕಿಕೊಂಡು ಹೋಗಬೇಕಾದದ್ದು ಮೈಸೂರು ಮಹಾರಾಜರ ಸಲೂನ್ ಬೋಗಿ. 1899ರದ್ದು. ತೇಗದ ಮರ, ಅದರ ಮೇಲೆ ಚಿನ್ನ, ದಂತದ ಕೆಲಸ. ಆ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಹದಿನೈದರ ಹುಡುಗ. ರಾಜ್ಯದ ಭಾರ ತಾಯಿ ವಾಣಿವಿಲಾಸ ಸನ್ನಿಧಾನದವರ ಮೇಲಿತ್ತು. ಅದೇ 1899ರ ಮಹಾರಾಣಿ ಸಲೂನ್ ಮೈಸೂರಿನ ಸಂಗ್ರಹಾಲಯದಲ್ಲಿದೆ. ಒಂದು ಮನೆತನದ ಎರಡು ಬೋಗಿಗಳು ದೇಶದ ಎರಡು ದಿಕ್ಕಿನಲ್ಲಿ ನಿಂತಿವೆ.

ಅಲ್ಲಿಂದ ಅಂಗಳಕ್ಕೆ ನಡೆದಾಗ ದೈತ್ಯ ಎದುರಾಗುತ್ತದೆ.

ಇದರ ನಂಬರು 815. ಬಂಗಾಳ ನಾಗಪುರ ರೈಲ್ವೆಯ ಎನ್ ವರ್ಗದ ಗ್ಯಾರಟ್. ಮ್ಯಾಂಚೆಸ್ಟರಿನ ಬೆಯರ್ ಪೀಕಾಕ್ ಕಂಪನಿ 1930ರ ಆಸುಪಾಸಿನಲ್ಲಿ ಕಟ್ಟಿದ್ದು. ತೂಕ ಸುಮಾರು 234 ಟನ್. ಭಾರತದ ಹಳಿಗಳ ಮೇಲೆ ಇದಕ್ಕಿಂತ ಭಾರದ ಉಗಿ ಇಂಜಿನ್ ಓಡಿಲ್ಲ. ನಮ್ಮ ಕಡೆಯವರಿಗೆ ಈ ತೂಕ ಹೇಗೆ ಹೇಳಲಿ? ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಿದಾಗ ದಾರಿಯುದ್ದಕ್ಕೂ ಜನ ನೆರೆದಿದ್ದರು. ಆ ಮೂರ್ತಿಯ ತೂಕ ಸುಮಾರು 170 ಟನ್. 815 ಅದಕ್ಕಿಂತಲೂ ಭಾರ, ಮೇಲಾಗಿ ಇದು ತನ್ನ ಕಾಲ ಮೇಲೆ ತಾನೇ ಓಡುತ್ತಿತ್ತು. ಹಿಂದೆ ಅದಿರು, ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿಯನ್ನು ಎಳೆದುಕೊಂಡು.

ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನಡೆಯಿರಿ. ಮೊದಲು ನೀರಿನ ಟ್ಯಾಂಕು, ಅದರಡಿ ಒಂದು ಗುಂಪು ಚಕ್ರ. ಆಮೇಲೆ ಬಾಯ್ಲರ್. ಅದರಡಿ ಚಕ್ರಗಳೇ ಇಲ್ಲ, ಬಗ್ಗಿ ನೋಡಿದರೆ ಆಚೆ ಬದಿಯ ಬೆಳಕು ಕಾಣುತ್ತದೆ. ಆಮೇಲೆ ಡ್ರೈವರ್ ನಿಲ್ಲುವ ಗೂಡು, ಅದರ ಹಿಂದೆ ಕಲ್ಲಿದ್ದಲಿನ ತೊಟ್ಟಿ, ಅದರಡಿ ಇನ್ನೊಂದು ಗುಂಪು ಚಕ್ರ. ಒಟ್ಟು 24 ಚಕ್ರ, ಎಳೆಯುವ ದೊಡ್ಡ ಚಕ್ರ 16. ಇಂಗ್ಲೆಂಡಿನ ಹರ್ಬರ್ಟ್ ವಿಲಿಯಂ ಗ್ಯಾರಟ್ ಎಂಬ ಇಂಜಿನಿಯರ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹೂಡಿದ ಉಪಾಯ ಇದು. ಎರಡು ಇಂಜಿನ್ನುಗಳನ್ನು ದೂರದೂರ ಇಟ್ಟು, ನಡುವೆ ಒಂದೇ ಬಾಯ್ಲರನ್ನು ಸೇತುವೆಯ ಹಾಗೆ ತೂಗಿಸಿದರು. ಕೆಳಗೆ ಚಕ್ರದ ಅಡ್ಡಿ ಇಲ್ಲದ್ದರಿಂದ ಬೆಂಕಿ ಉರಿಯುವ ಪೆಟ್ಟಿಗೆಯನ್ನು ಬೇಕಾದಷ್ಟು ಅಗಲ, ಆಳ ಮಾಡಬಹುದು. ತಿರುವು ಬಂದಾಗ ಮುಂದಿನ ಭಾಗ ಒಂದು ಕಡೆ, ಹಿಂದಿನದು ಇನ್ನೊಂದು ಕಡೆ ಹೊರಳುತ್ತದೆ, ಬಾಯ್ಲರ್ ನೆಟ್ಟಗೇ ಇರುತ್ತದೆ. ಇಷ್ಟು ದೊಡ್ಡ ಯಂತ್ರ ಬಳುಕುತ್ತಿತ್ತು ಎಂಬುದನ್ನು ಎದುರು ನಿಂತಾಗ ನಂಬುವುದು ಕಷ್ಟ. ಹೊರಳುವ ಆ ಕೀಲುಗಳ ಬಳಿ ನಿಂತು ನೋಡಿ. ನನ್ನ ಮಟ್ಟಿಗೆ ಇಡೀ ಸಂಗ್ರಹಾಲಯದಲ್ಲಿ ಅತ್ಯಂತ ಚೆಂದದ ಜಾಗ ಅದು.

ಭಾರತಕ್ಕೆ ಗ್ಯಾರಟ್ ಮೊದಲು ಬಂದದ್ದು 1911ರಲ್ಲಿ, ಡಾರ್ಜಿಲಿಂಗಿನ ಪುಟ್ಟ ಹಳಿಗೆ, ಪುಟ್ಟ ರೂಪದಲ್ಲಿ. ಬಂಗಾಳ ನಾಗಪುರ ರೈಲ್ವೆಗೆ ಗಣಿ ಪ್ರದೇಶದ ಏರುಗಳಲ್ಲಿ ಭಾರಿ ಸರಕು ಎಳೆಯಬೇಕಿತ್ತು. ಹಾಗಾಗಿ ಅವರು ದೊಡ್ಡದನ್ನೇ ತರಿಸಿಕೊಂಡರು.

ನನ್ನ ಜೊತೆ ಬಂದಿದ್ದ ಅಕ್ಕನ ಮಗ ಬೋರ್ಡು ಓದಿ ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ: “ಇದು ಇನ್ನು ಓಡ್ತದಾ ಮಾವ?” ಅದರ ಎದುರು ನಿಂತ ಯಾರಿಗೂ ಮೊದಲು ಹೊಳೆಯುವುದು ಇದೇ. ಮನಸ್ಸಿಟ್ಟು ಉತ್ತರಿಸಬೇಕಾದ ಪ್ರಶ್ನೆ.

ಓಡಬಲ್ಲದು ಎನ್ನಲು ಗಟ್ಟಿ ಆಧಾರವಿದೆ. ಇದೇ ಎನ್ ವರ್ಗದ ಇನ್ನೊಂದು ಇಂಜಿನ್ ಪಶ್ಚಿಮ ಬಂಗಾಳದ ಖರಗ್‌ಪುರದ ರೈಲ್ವೆ ವರ್ಕ್‌ಶಾಪಿನಲ್ಲಿದೆ. ಅಲ್ಲಿನ ಕೆಲಸಗಾರರು 2006ರಲ್ಲಿ ಅದಕ್ಕೆ ಜೀವ ಕೊಟ್ಟು ಉಗಿಯಲ್ಲಿ ಓಡಿಸಿ ತೋರಿಸಿದರು. ಆಸ್ಟ್ರೇಲಿಯಾದಲ್ಲಿ 6029 ನಂಬರಿನ ಗ್ಯಾರಟ್ ದಶಕಗಳ ಕಾಲ ನಿಂತಿದ್ದು, ರೈಲುಪ್ರಿಯರ ದುಡಿಮೆಯಿಂದ ಕಳೆದ ದಶಕದಲ್ಲಿ ಪ್ರಯಾಣಿಕರನ್ನು ಹೊತ್ತು ಓಡಿತು. 1909ರಲ್ಲಿ ಟಾಸ್ಮೇನಿಯಾಕ್ಕೆಂದು ಕಟ್ಟಿದ, ಜಗತ್ತಿನ ಮೊಟ್ಟಮೊದಲ ಗ್ಯಾರಟ್ ಕೂಡ ಮುಂದೆ ವೇಲ್ಸಿನ ಬೆಟ್ಟದ ಹಳಿಯಲ್ಲಿ ಮತ್ತೆ ಹೊಗೆಯುಗುಳಿತು.

ಕಷ್ಟ ಇರುವುದು ಬಾಯ್ಲರಿನಲ್ಲಿ. ಹೊರಗಿನ ಕಪ್ಪು ಬಣ್ಣ ಎಷ್ಟು ಹೊಳೆದರೂ ಒಳಗಿನ ತಗಡು ಎಷ್ಟು ಸವೆದಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಮೊದಲು ಮೇಲಿನ ಹೊದಿಕೆ ಬಿಚ್ಚಬೇಕು. ಹಳೆಯ ಇಂಜಿನ್ನುಗಳಲ್ಲಿ ಶಾಖ ತಡೆಯಲು ಕಲ್ನಾರು ಸುತ್ತುತ್ತಿದ್ದರು, ಅದರ ಧೂಳು ಶ್ವಾಸಕೋಶಕ್ಕೆ ವಿಷ, ಆದ್ದರಿಂದ ಬಿಚ್ಚುವ ಕೆಲಸವೇ ಎಚ್ಚರದ್ದು. ಆಮೇಲೆ ತಗಡಿನ ದಪ್ಪವನ್ನು ಅಂಗುಲ ಅಂಗುಲವಾಗಿ ಅಲ್ಟ್ರಾಸೌಂಡಿನಲ್ಲಿ ಅಳೆಯಬೇಕು. ಬೆಂಕಿಯ ಬಿಸಿ ಹಾಯುವ ಟ್ಯೂಬುಗಳನ್ನೆಲ್ಲ ಹೊರಗೆಳೆದು ಹೊಸದು ಕೂರಿಸಬೇಕು. ಫೈರ್‌ಬಾಕ್ಸಿನ ಗೋಡೆಗಳನ್ನು ಹಿಡಿದಿಟ್ಟಿರುವ ನೂರಾರು ಸ್ಟೇ ಬೋಲ್ಟುಗಳಲ್ಲಿ ಮುರಿದದ್ದು ಯಾವುದು ಎಂದು ಒಂದೊಂದನ್ನೂ ಬಡಿದು ಪರೀಕ್ಷಿಸಬೇಕು. ಕೊನೆಗೆ ಬಾಯ್ಲರ್ ತುಂಬ ತಣ್ಣೀರು ತುಂಬಿ, ಓಡುವಾಗ ಇರುವುದಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ಸೋರುತ್ತದೆಯೇ ನೋಡಬೇಕು. ತಣ್ಣೀರು ಏಕೆಂದರೆ, ಒಡೆದರೂ ನೀರು ಚೆಲ್ಲಿ ಮುಗಿಯುತ್ತದೆ. ಉಗಿ ತುಂಬಿದ ಬಾಯ್ಲರ್ ಒಡೆದರೆ ಸುತ್ತ ನಿಂತವರು ಉಳಿಯುವುದಿಲ್ಲ. ಗ್ಯಾರಟ್ಟಿನಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಉಗಿ ಹೋಗುವ ಪೈಪುಗಳು ಹೊರಳುವ ಕೀಲಿನ ಮೂಲಕವೇ ಎರಡೂ ಇಂಜಿನ್ನುಗಳಿಗೆ ಹೋಗಬೇಕು, ಹೊರಳಬೇಕು, ಸೋರಲೂಬಾರದು. ಇಂಥ ಬಿಡಿಭಾಗ ಇಂದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಳೆಯದನ್ನು ಅಳೆದು, ಅಚ್ಚು ಮಾಡಿ, ಎರಕ ಹೊಯ್ದು, ಲೇತಿನಲ್ಲಿ ಕಡೆಯಬೇಕು.

ಹಳಿ ತಡೆದೀತೆ ಎಂಬುದು ಎಲ್ಲರೂ ಕೇಳುವ ಮಾತು. ತಡೆಯುತ್ತದೆ. 234 ಟನ್ನನ್ನು 12 ಅಚ್ಚುಗಳಿಗೆ ಹಂಚಿದರೆ ಸರಾಸರಿ ಅಚ್ಚಿಗೆ ಇಪ್ಪತ್ತು ಟನ್ನಿನೊಳಗೇ ಬರುತ್ತದೆ. ಇಂದಿನ ಗೂಡ್ಸ್ ವ್ಯಾಗನ್ನುಗಳು ಅಚ್ಚಿಗೆ 22.9 ಟನ್ ಹೊತ್ತು ಓಡುತ್ತಿವೆ. ನಿಜವಾದ ಅಡಚಣೆ ತಲೆಯ ಮೇಲಿದೆ. ಮುಖ್ಯ ಮಾರ್ಗಗಳಲ್ಲಿ 25,000 ವೋಲ್ಟಿನ ತಂತಿ ಎಳೆದಾಗಿದೆ. ಕಲ್ಲಿದ್ದಲು ಸರಿಸಲೋ ನೀರು ತುಂಬಿಸಲೋ ಫೈರ್‌ಮನ್ ಮೇಲೆ ಹತ್ತಿದರೆ ಪ್ರಾಣಕ್ಕೇ ಸಂಚಕಾರ. ಆ ಕೆಲಸವನ್ನು ತಂತಿಯಿಲ್ಲದ, ಅಥವಾ ಕರೆಂಟು ಕಡಿದ ಹಳಿಯಲ್ಲೇ ಮಾಡಬೇಕಾಗುತ್ತದೆ.

ಈ ಅಂಗಳದಲ್ಲೇ ಧೈರ್ಯ ಕೊಡುವ ಉದಾಹರಣೆಗಳಿವೆ. ಪಟಿಯಾಲಾ ಸಂಸ್ಥಾನದ ಒಂಟಿ ಹಳಿಯ ರೈಲನ್ನು ನೋಡಿ. ಒಂದು ಚಕ್ರದ ಸಾಲು ಹಳಿಯ ಮೇಲೆ, ಸಮತೋಲಕ್ಕೆ ಇನ್ನೊಂದು ದೊಡ್ಡ ಚಕ್ರ ರಸ್ತೆಯ ಮೇಲೆ. 1907ರಲ್ಲಿ ಶುರುವಾಗಿ 1927ರ ಹೊತ್ತಿಗೆ ನಿಂತು, ದಶಕಗಟ್ಟಲೆ ಗುಜರಿಯಲ್ಲಿ ಬಿದ್ದಿತ್ತು. ಅಮೃತಸರದ ರೈಲ್ವೆ ವರ್ಕ್‌ಶಾಪಿನವರು ಅದನ್ನು ಮತ್ತೆ ಓಡುವ ಸ್ಥಿತಿಗೆ ತಂದರು. ಈ ಸಂಗ್ರಹದ ಹೆಮ್ಮೆಯಾದ ಫೇರಿ ಕ್ವೀನ್ 1855ರದ್ದು. 88 ವರ್ಷ ಸುಮ್ಮನೆ ನಿಂತಿದ್ದ ಅದು 1997ರಲ್ಲಿ ಓಡಿತು. ಮುಂದೆ ಬಿಡಿಭಾಗಗಳು ಕಳವಾಗಿ ಕೆಲ ವರ್ಷ ನಿಂತು, ಚೆನ್ನೈನ ಪೆರಂಬೂರಿನಲ್ಲಿ ದುರಸ್ತಿಯಾಗಿ, 2017ರಲ್ಲಿ ಮತ್ತೆ ಹಳಿಗೆ ಬಂತು. ದೆಹಲಿಗೆ ಹತ್ತಿರದ ರೇವಾರಿಯ ಉಗಿ ಇಂಜಿನ್ ಶೆಡ್ಡಿನಲ್ಲಿ ಅಕ್ಬರ್ ಎಂಬ ಹೆಸರಿನ 1965ರ ಇಂಜಿನ್ನೂ ಅದರ ಜೊತೆಗಾರರೂ ಇದ್ದಾರೆ. ಎಂದರೆ ಒಲೆ ಹೊತ್ತಿಸುವ ವಿದ್ಯೆ ದೇಶದಲ್ಲಿ ಪೂರ್ತಿ ಆರಿಲ್ಲ.

ಆದರೂ ದೈತ್ಯನನ್ನು ಎಬ್ಬಿಸಲು ಇಷ್ಟು ಸಾಲದು ಎಂದು ನನಗೆ ಅನಿಸುವುದು ಅಮೆರಿಕದ ಬಿಗ್ ಬಾಯ್ ಕಥೆಯಿಂದ. ಟೆಂಡರ್ ಸೇರಿ ಐನೂರು ಟನ್ನಿಗೂ ಮಿಕ್ಕಿದ, 1941ರ ಆ 4014 ನಂಬರಿನ ಇಂಜಿನನ್ನು ಯೂನಿಯನ್ ಪೆಸಿಫಿಕ್ ಕಂಪನಿ ಕ್ಯಾಲಿಫೋರ್ನಿಯಾದ ಸಂಗ್ರಹಾಲಯದಿಂದ 2013ರಲ್ಲಿ ಮರಳಿ ಪಡೆಯಿತು. ಮರುವರ್ಷ ಶಯೆನ್ ಊರಿನ ತನ್ನ ಶೆಡ್ಡಿಗೆ ಎಳೆದೊಯ್ದು, 2019ರ ಮೇ ತಿಂಗಳಲ್ಲಿ ಓಡಿಸಿತು. ದೊಡ್ಡ ಕಂಪನಿ, ಸ್ವಂತ ದುಡ್ಡು, ಸ್ವಂತ ಹಳಿ ಇದ್ದೂ ಇಷ್ಟು ವರ್ಷ ಹಿಡಿಯಿತು. ಜನ ಗಮನಿಸದ ಸಂಗತಿಯೊಂದಿದೆ. ಅದೇ ಕಂಪನಿ 844 ಎಂಬ ಇನ್ನೊಂದು ಉಗಿ ಇಂಜಿನನ್ನು 1944ರಿಂದ ಇಂದಿನವರೆಗೆ ನಿವೃತ್ತಿಗೊಳಿಸಿಯೇ ಇಲ್ಲ. ಹಾಗಾಗಿ ಬಾಯ್ಲರ್ ಬಲ್ಲ ಕೈಗಳು ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಉಳಿದುಬಂದವು.

ಎರಡೇ ಉಳಿದಿರುವ ನಮ್ಮ ಎನ್ ಗ್ಯಾರಟ್ಟುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಓಡಿಸಬೇಕಾದದ್ದು ಖರಗ್‌ಪುರದ್ದನ್ನು. ಅದು ವರ್ಕ್‌ಶಾಪಿನ ಮಡಿಲಲ್ಲೇ ಇದೆ, ಒಮ್ಮೆ ಎದ್ದು ಓಡಿದೆ, ತಾನು ದುಡಿದ ಸೀಮೆಯಲ್ಲೇ ನಿಂತಿದೆ. ದೆಹಲಿಯ 815 ಹಾಗೆಯೇ ಇರಲಿ. ಓಡುವ ಇಂಜಿನ್ ಸವೆಯುತ್ತದೆ. ಟ್ಯೂಬು, ತಗಡು, ಬೇರಿಂಗ್ ಒಂದೊಂದೇ ಬದಲಾಗುತ್ತಾ ಹೋಗುತ್ತದೆ. ಖರಗ್‌ಪುರದವರು ಒಂದು ಕೀಲು ಹೊಸದಾಗಿ ಮಾಡಬೇಕಾದಾಗ ಮೂಲ ಹೇಗಿತ್ತೆಂದು ಅಳೆದು ನೋಡಲು ಮುಟ್ಟದೆ ಬಿಟ್ಟ ಇನ್ನೊಂದು ಇರಬೇಕು. 815ಕ್ಕೆ ಮೊದಲು ಬೇಕಾದದ್ದು ಬಿಸಿಲು ಮಳೆ ತಡೆಯುವ ಮಾಡು, ಜೊತೆಗೆ ಬಾಯ್ಲರಿನ ಒಂದು ಪೂರ್ತಿ ತಪಾಸಣೆ. ಖರಗ್‌ಪುರದ್ದನ್ನು ಉತ್ಸವದ ಒಂದು ದಿನ ಓಡಿಸಿ ಮತ್ತೆ ಶೆಡ್ಡಿಗೆ ತಳ್ಳುವುದಾದರೆ ಅಷ್ಟು ಶ್ರಮ ವ್ಯರ್ಥ. ವರ್ಷಕ್ಕೆ ಇಷ್ಟು ದಿನ ಎಂದು ಗೊತ್ತುಮಾಡಿ, ಅದಕ್ಕೆ ಪ್ರತಿ ವರ್ಷ ಹಣ ತೆಗೆದಿಟ್ಟು, ಹೊಸ ಹುಡುಗರನ್ನು ಹಳಬರ ಜೊತೆ ಕೂಡಿಸಿ ಓಡಿಸಬೇಕು.

ಆ ಹಳಬರು ನಮ್ಮಲ್ಲೂ ಇದ್ದಾರೆ. ಹುಬ್ಬಳ್ಳಿ, ಮೈಸೂರಿನ ವರ್ಕ್‌ಶಾಪುಗಳಲ್ಲಿ ಬಾಯ್ಲರ್ ತಟ್ಟಿದವರು, ಮೀಟರ್‌ಗೇಜಿನಲ್ಲಿ ಸಲಿಕೆ ಹಿಡಿದ ಫೈರ್‌ಮನ್ನರು, ಗೇಜ್ ಗ್ಲಾಸಿನ ನೀರಿನ ಮಟ್ಟ ನೋಡಿಯೇ ಏರು ಹತ್ತಿಸಿದ ಡ್ರೈವರುಗಳು. ಅವರಿಗೆಲ್ಲ ಈಗ ವಯಸ್ಸಾಗಿದೆ. ಓದುಗರ ಮನೆಯಲ್ಲಿ, ನೆರೆಯಲ್ಲಿ ಅಂಥವರಿದ್ದರೆ ಫೋನಿನಲ್ಲಿ ರೆಕಾರ್ಡ್ ಒತ್ತಿ ಅವರ ಎದುರು ಕೂರಿ. ಬೆಂಕಿ ಹೊತ್ತಿಸಲು ಎಷ್ಟು ಹೊತ್ತು ಬೇಕಿತ್ತು, ಮೊದಲು ಯಾವ ಮೂಲೆಗೆ ಕಲ್ಲಿದ್ದಲು ಎಸೆಯುತ್ತಿದ್ದರು, ಯಾವ ಸದ್ದು ಕೇಳಿದರೆ ಹೆದರುತ್ತಿದ್ದರು ಎಂದು ಕೇಳಿ. ಹೇಳಿದ್ದನ್ನು ಬರೆದಿಟ್ಟು ಒಂದು ಪ್ರತಿಯನ್ನು ಮೈಸೂರಿನ ಅಥವಾ ಹುಬ್ಬಳ್ಳಿಯ ರೈಲು ಸಂಗ್ರಹಾಲಯಕ್ಕೆ ಕೊಡಿ. ಇಂಜಿನ್ ಇನ್ನೂ ಹತ್ತು ವರ್ಷ ಕಾದೀತು, ಅವರನ್ನು ಕಾಯಿಸಬೇಡಿ.