ವಿದ್ಯುತ್ ಬೈಸಿಕಲ್ಲಿನ ತಂತಿ ಜೋಡಣೆ

ವಿದ್ಯುತ್ ಬೈಸಿಕಲ್ಲಿನ ವೇಗನಿಯಂತ್ರಕ, ಸೂಚನಾಫಲಕ, ಎರಡು ಬ್ರೇಕ್ ಹಿಡಿಗಳು ಇವುಗಳ ತಂತಿಗಳು ಪ್ರತ್ಯೇಕವಾಗಿ ಮೋಟಾರಿನವರೆಗೆ ಸಾಗಿದರೆ ಸಿಕ್ಕುಬೀಳುವುದು ಸಹಜ. ಚೀನಾದ ಬಾಫಾಂಗ್ ಸಂಸ್ಥೆಯು ಪೆಡಲಿನ ಅಚ್ಚಿನ ಬಳಿ ಕೂಡಿಸುವ ಮೋಟಾರುಗಳಲ್ಲಿ ಇದಕ್ಕೆ ಸರಳ ಪರಿಹಾರವುಂಟು. ಅಲ್ಲಿ ಮೋಟಾರಿನಿಂದ ಬರುವ ಒಂದೇ ಕೇಬಲು ಹ್ಯಾಂಡಲಿನೆಡೆ ನಾಲ್ಕು ಕವಲಾಗುತ್ತದೆ. ಆದಕಾರಣವೇ ಅದಕ್ಕೆ ‘1ಟಿ4’ ಎಂಬ ಹೆಸರು.

ಮೋಟಾರನ್ನು ತಿರುಗಿಸುವ ಪ್ರಬಲ ಪ್ರವಾಹಕ್ಕೆ ಬ್ಯಾಟರಿಯಿಂದ ದಪ್ಪ ತಂತಿಗಳೇ ಬೇರೆ. ಈ ಕೇಬಲಿನ ಮುಖ್ಯ ಕಾರ್ಯ ಸಂಕೇತಗಳನ್ನು ಒಯ್ಯುವುದು. ಹಾಗೆಂದು ಇದನ್ನು ಉಪೇಕ್ಷಿಸಲಾಗದು. ಬ್ರೇಕು ಹಿಡಿದೊಡನೆ ಮೋಟಾರನ್ನು ನಿಲ್ಲಿಸುವ ಸಂಕೇತವೂ ಇದರಲ್ಲಿಯೇ ಸಾಗುತ್ತದೆ. ಜೋಡಣೆ ಕೆಟ್ಟರೆ ಸವಾರನು ತಡೆಯುತ್ತಿರುವಾಗಲೇ ಮೋಟಾರು ಮುನ್ನೂಕಬಹುದು.

ಕನೆಕ್ಟರುಗಳನ್ನು ಬಾಣದ ಗುರುತು ಹೊಂದಿಸಿ ನೇರವಾಗಿ ಒತ್ತಬೇಕು. ತಿರುಚಿದರೆ ಒಳಗಿನ ಪಿನ್ನುಗಳು ಬಾಗುತ್ತವೆ. ತರುವಾಯ ಹಿಂಚಕ್ರವನ್ನೆತ್ತಿ ಮೋಟಾರು ನಡೆಸಿ, ಒಂದೊಂದು ಬ್ರೇಕನ್ನೂ ತುಸುವೇ ಎಳೆದು, ಮೋಟಾರು ನಿಲ್ಲುವುದನ್ನು ಕಂಡ ಮೇಲೆಯೇ ಸವಾರಿಗೆ ಹೊರಡುವುದು ವಿವೇಕ.